ಒಂದೇ ಒಂದು ಕಂಡೆನ್ಸರ್

ನಿವೃತ್ತರಾದ ಮೇಲೆ ಕೆಲವರು ವಾಕಿಂಗ್ ಹಿಡಿಯುತ್ತಾರೆ, ಕೆಲವರು ವಾಟ್ಸಾಪ್ ಹಿಡಿಯುತ್ತಾರೆ. ನಮ್ಮ ಬೀದಿಯ ರಾಯರು ವಾಲ್ವ್ ಹಿಡಿದರು. ಬಸವನಗುಡಿಯಲ್ಲಿ ‘ರಾಯರ ಮನೆ ಎಲ್ಲಿ?’ ಎಂದು ಕೇಳಿದರೆ ಹತ್ತು ಮನೆ ತೋರಿಸುತ್ತಾರೆ. ‘ವಾಲ್ವ್ ರಾಯರು’ ಎಂದರೆ ಮಾತ್ರ ಒಂದೇ. ಅದನ್ನೂ ಕೇಳಬೇಕಾಗಿಲ್ಲ. ಎಲ್ಲ ಮನೆಗಳಿಂದ ಇಂಗಿನ ಒಗ್ಗರಣೆ ವಾಸನೆ ಬರುವ ಹೊತ್ತಿನಲ್ಲಿ ಯಾವ ಮನೆಯಿಂದ ರೋಸಿನ್ ಸುಟ್ಟ ಹೊಗೆ ಬರುತ್ತದೋ ಅದೇ ಅವರದು.

ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಮೂಗಿನ ಮೇಲೆ ಒಂದು ಕನ್ನಡಕ, ಹಣೆಯ ಮೇಲೆ ಇನ್ನೊಂದು. ಬನಿಯನ್ನಿನ ಹೊಟ್ಟೆಯ ಮೇಲೆ ಸೋಲ್ಡರ್ ಸಿಡಿದ ಸಣ್ಣ ಸಣ್ಣ ತೂತು. ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಅದು ಬರೆಯುವುದಕ್ಕಲ್ಲ, ವಾಲ್ವಿನ ತಲೆ ಕುಟ್ಟಿ ಅದು ಏನನ್ನುತ್ತದೆ ಎಂದು ಕೇಳುವುದಕ್ಕೆ. ಬಾಯಲ್ಲಿ ಸದಾ ಒಂದು ವಾಕ್ಯ: ‘ಏನಿಲ್ಲ ಕಣಯ್ಯಾ, ಒಂದೇ ಒಂದು ಕಂಡೆನ್ಸರ್ ಅಷ್ಟೆ.’

ಈ ಮಾತನ್ನು ನಾನು ಮೊದಲು ಕೇಳಿ ಆರು ವರ್ಷವಾಯಿತು. ಆಗ ಮೇಜಿನ ಮೇಲಿದ್ದದ್ದು ಅವರ ತಂದೆ 1961ರಲ್ಲಿ ಕೊಂಡ ಐದು ವಾಲ್ವಿನ ರೇಡಿಯೋ ಸೆಟ್ಟು. ಅದರ ಜೊತೆಗೆ ಪೋಸ್ಟಾಫೀಸಿನಲ್ಲಿ ವರ್ಷವರ್ಷವೂ ದುಡ್ಡು ಕಟ್ಟಿ ಮುದ್ರೆ ಹಾಕಿಸಿದ ರೇಡಿಯೋ ಲೈಸೆನ್ಸಿನ ಪುಸ್ತಕವನ್ನೂ ರಾಯರು ಜಾತಕದ ಹಾಗೆ ಕಾಪಾಡಿದ್ದಾರೆ. ಮಕ್ಕಳ ಜಾತಕ ಎಲ್ಲಿದೆ ಎಂದು ಕೇಳಿದರೆ ಮಾತ್ರ ‘ಇವಳೇ, ಎಲ್ಲಿಟ್ಟಿದ್ದೀಯೆ?’ ಎಂದು ಒಳಗೆ ನೋಡುತ್ತಾರೆ.

ಸೆಟ್ಟಿಗೆ ಆಗಿದ್ದೇನೆಂದರೆ, ದನಿ ಬರುತ್ತಿತ್ತು, ಆದರೆ ನೆಗಡಿಯಾದವರು ಕಂಬಳಿ ಹೊದ್ದು ಹಾಡಿದ ಹಾಗೆ. ಹತ್ತು ನಿಮಿಷವಾದರೆ ಹಿಂದುಗಡೆಯಿಂದ ಸುಟ್ಟ ವಾಸನೆ. ‘ಕಪ್ಲಿಂಗ್ ಕಂಡೆನ್ಸರ್ ಲೀಕು’ ಎಂದರು ರಾಯರು. ಹಾಗೆಂದರೇನು ಎಂದು ಕೇಳುವ ತಪ್ಪು ಮಾಡಿದೆ.

‘ನೋಡಯ್ಯಾ, ಮದುವೆ ಮನೆ ಬಾಗಿಲಲ್ಲಿ ಹುಡುಗಿಯ ಸೋದರಮಾವ ನಿಂತಿರ್ತಾನಲ್ಲ, ಅವನೇ ಈ ಕಂಡೆನ್ಸರು. ಕರೆದವರನ್ನ ಮಾತ್ರ ಒಳಗೆ ಬಿಡಬೇಕು. ಅಂದರೆ ಹಾಡು ಹೋಗಬೇಕು, ಹಿಂದಿನ ವಾಲ್ವಿನ ಡಿಸಿ ವೋಲ್ಟೇಜು ಹೋಗಬಾರದು. ಅರವತ್ತು ವರ್ಷ ಆದಮೇಲೆ ಸೋದರಮಾವನಿಗೆ ಕಣ್ಣು ಮಂಜಾಯ್ತು ಅಂತಿಟ್ಕೋ. ಊರಿಗೂರೇ ಒಳಗೆ ನುಗ್ಗಿ ಊಟಕ್ಕೆ ಕೂತುಬಿಡುತ್ತೆ. ಆ ಕಡೆ ಇರೋ ಇಎಲ್ 84 ವಾಲ್ವೇ ಅಡಿಗೆಭಟ್ಟ. ಪಾಪ, ಬಡಿಸಿ ಬಡಿಸಿ ಬೆಂದುಹೋಗ್ತಾನೆ. ಹೋಗುವಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಕರಕೊಂಡು ಹೋಗ್ತಾನೆ.’

ಹೇಳಿದ್ದನ್ನು ಸಾಬೀತು ಮಾಡಲು ಮೀಟರ್ ಹಿಡಿದರು. ವಾಲ್ವ್ ಸೆಟ್ಟಿನಲ್ಲಿ 250 ವೋಲ್ಟ್ ಓಡಾಡುತ್ತಿರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರಿನ ಹೊಟ್ಟೆಯೊಳಗೆ ಅದು ಹೊಂಚು ಹಾಕಿ ಕೂತಿರುತ್ತದೆ. ಆದ್ದರಿಂದ ಒಂದು ಕೈ ಜೇಬಿನಲ್ಲಿಟ್ಟುಕೊಂಡೇ ಮುಟ್ಟಬೇಕೆಂಬುದು ಮೆಕ್ಯಾನಿಕ್ಕುಗಳ ಹಳೆಯ ಕಟ್ಟಳೆ. ರಾಯರು ಉಟ್ಟ ಪಂಚೆಗೆ ಜೇಬಿಲ್ಲ. ಎಡಗೈ ಬೆನ್ನ ಹಿಂದೆ ಹೋಯಿತು. ಕಾಲ ಕೆಳಗೆ ಕರೆಂಟು ಹರಿಯದ ಹಾಗೆ ಒಂದು ಮರದ ಮಣೆ. ಅದು ಅವರ ಮನೆಯವರ ತವರಿನ ಹಲಸಿನ ಮಣೆ. ಪ್ರತಿ ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ಆ ಮನೆಯಲ್ಲಿ ಮೊದಲು ಕೇಳಿಸುವ ಮಂತ್ರ, ‘ರೀ, ಮಣೆ ಎಲ್ಲಿ?’

ಮೀಟರ್ ತೋರಿಸಿತು. ಇಎಲ್ 84ರ ಗ್ರಿಡ್ಡಿನಲ್ಲಿ ಸೊನ್ನೆ ಇರಬೇಕಾದ ಕಡೆ 11 ವೋಲ್ಟ್. ಮಗ ರ‍್ಯಾಂಕ್ ಬಂದಾಗಲೂ ರಾಯರ ಮುಖದಲ್ಲಿ ಅಂಥ ಕಳೆ ಕಂಡಿರಲಿಲ್ಲವೆಂದು ಅವರ ಮನೆಯವರು ಇವತ್ತಿಗೂ ಹೇಳುತ್ತಾರೆ.

ಮಾರನೆಯ ದಿನ ಎಸ್. ಪಿ. ರೋಡಿಗೆ ಹೊರಟರು. ನಾನೂ ಜೊತೆಗೆ. ‘ಪಾಯಿಂಟ್ ಝೀರೋ ಒನ್, 630 ವೋಲ್ಟ್’ ಎಂದು ರಾಯರು ಅರ್ಚನೆಗೆ ಗೋತ್ರ, ನಕ್ಷತ್ರ ಹೇಳುವ ಹಾಗೆ ಹೇಳಿದರು. ಅಂಗಡಿಯ ಹುಡುಗ 50 ವೋಲ್ಟಿನದೊಂದನ್ನು ಮುಂದಿಟ್ಟು ‘ಇದೂ ಅದೇ ಸಾರ್’ ಎಂದ. ರಾಯರು ಅವನಿಗೆ ಸೋದರಮಾವನ ಕಥೆ ಶುರುಮಾಡಿದರು. ಭಟ್ಟ ಬೇಯುವಷ್ಟರಲ್ಲಿ ಹಿಂದೆ ಏಳು ಜನ ಗಿರಾಕಿ ಸೇರಿದ್ದರು. ಹುಡುಗ ಸೋತು ಒಳಗಿನಿಂದ ಸರಿಯಾದ ಮಾಲೇ ತಂದ, ಆದರೆ ಒಂದು ಬಿಡಿಯಾಗಿ ಕೊಡುವುದಿಲ್ಲ, ಹತ್ತು ತೆಗೆದುಕೊಳ್ಳಬೇಕು. ಹತ್ತಕ್ಕೆ ಐವತ್ತು ರೂಪಾಯಿ. ಆಟೋಕ್ಕೆ ಹೋಗಿ ಬರಲು ಮುನ್ನೂರು.

ಅಲ್ಲಿಂದಲೇ ಅನರ್ಥ ಶುರುವಾದದ್ದು. ಬೇಕಾದದ್ದು ಒಂದು, ಬಂದದ್ದು ಹತ್ತು. ಉಳಿದ ಒಂಬತ್ತಕ್ಕೆ ರೇಡಿಯೋ ಹುಡುಕುವುದು ರಾಯರ ಕರ್ತವ್ಯವಾಯಿತು. ಅಟ್ಟದ ಮರ್ಫಿ, ಷಡ್ಡಕನ ಬುಷ್, ಸಂಡೇ ಬಜಾರಿನಲ್ಲಿ ಮಳೆಗೆ ನೆನೆಯುತ್ತಿದ್ದ ಅನಾಥ ಸೆಟ್ಟು, ಎಲ್ಲವೂ ಬಂದವು. ಒಂಬತ್ತು ಕಂಡೆನ್ಸರ್ ಮುಗಿದ ಮೇಲೆ ಸೆಟ್ಟು ಉಳಿದುಕೊಂಡಿದ್ದರಿಂದ ಮತ್ತೆ ಹತ್ತು ತರಬೇಕಾಯಿತು. ಜಾಲಹಳ್ಳಿಯ ಬಿಇಎಲ್‌ನವರು ಒಂದು ಕಾಲದಲ್ಲಿ ಮಾಡುತ್ತಿದ್ದ ವಾಲ್ವುಗಳ ಪೆಟ್ಟಿಗೆಗಳು ಅಕ್ಕಿ ಡಬ್ಬದ ಪಕ್ಕ ಸೇರಿದವು. ‘ನಮ್ಮೂರಲ್ಲೇ ಹುಟ್ಟಿದ ಕೂಸುಗಳಯ್ಯಾ’ ಎಂದು ಅವುಗಳ ಧೂಳು ಒರೆಸುತ್ತಾರೆ. ತಂದೆಯವರ ಸೆಟ್ಟು ಮಾತ್ರ ಹಾಗೇ ಬಿಚ್ಚಿಕೊಂಡು ಮಲಗಿತ್ತು. ಕಂಡೆನ್ಸರ್ ಬದಲಾಯಿಸಲು ಹತ್ತು ನಿಮಿಷ ಸಾಕು, ನಿಜ. ಆದರೆ ಹೊಸದು ಹಳದಿ ಬಣ್ಣದ ಪುಟ್ಟ ವಸ್ತು, ಹಳೆಯದು ಮೇಣ ಮೆತ್ತಿದ ಕಂದು ಕೊಳವೆ. ಜೋಡಿ ಆಗುವುದಿಲ್ಲ. ರಾಯರು ಹಳೆಯದರ ಹೊಟ್ಟೆ ಬಗೆದು, ಒಳಗೆ ಹೊಸದನ್ನು ಕೂರಿಸಿ, ತುದಿಗಳಿಗೆ ಮೇಣ ಕರಗಿಸಿ ಹೊಯ್ದರು. ಕಡುಬಿಗೆ ಹೂರಣ ತುಂಬಿದ ಹಾಗೆ.

‘ಒಳಗಡೆ ಯಾರು ನೋಡ್ತಾರೆ?’ ಎಂದರು ಅವರ ಮನೆಯವರು.

‘ನಾನು ನೋಡ್ತೀನಲ್ಲ!’

ಇಂಥವರ ಎದುರು ಆಡಬಾರದ ಮಾತೊಂದಿದೆ. ಅವರ ಸೊಸೆಯ ಅಣ್ಣ, ಮನೆ ಅಲಂಕಾರದ ಕೆಲಸ ಮಾಡುವವನು, ಅದನ್ನೇ ಆಡಿಬಿಟ್ಟ: ‘ಅಂಕಲ್, ಒಳಗಿರೋದನ್ನೆಲ್ಲ ಕಿತ್ತು ಬಿಸಾಕಿ ಒಂದು ಬ್ಲೂಟೂತ್ ಹಾಕಿಸಿದ್ರೆ ಸೂಪರ್ ಆಗಿರುತ್ತೆ.’ ರಾಯರು ಸೋಲ್ಡರಿಂಗ್ ಐರನ್ ಕೆಳಗಿಟ್ಟರು. ‘ಆಕಾಶವಾಣಿ ಅನ್ನೋ ಹೆಸರು ಹುಟ್ಟಿದ್ದು ಎಲ್ಲಿ ಗೊತ್ತೇನಪ್ಪಾ? ನಮ್ಮ ಮೈಸೂರಲ್ಲಿ. ಗೋಪಾಲಸ್ವಾಮಿಯವರು ಅಂತ, ಮನಃಶಾಸ್ತ್ರದ ಪ್ರೊಫೆಸರು, ತಮ್ಮ ಮನೆಯಲ್ಲೇ ಸ್ಟೇಷನ್ನು ನಡೆಸಿದರು!’

‘ಓಹೋ, ಶುರುಮಾಡಿದ್ದೇ ಮನಃಶಾಸ್ತ್ರದವರಾ?’ ಒಳಗಿನಿಂದ ದನಿ ಬಂತು. ‘ಹಾಗಾದ್ರೆ ಸರಿ ಬಿಡಿ, ಎಲ್ಲ ಅರ್ಥ ಆಯ್ತು.’

ಅಂತೂ ಹೋದ ತಿಂಗಳು ಒಂದು ಸಂಜೆ ರಾಯರಿಂದ ಬುಲಾವು ಬಂತು. ಸೆಟ್ಟಿಗೆ ನೇರವಾಗಿ ಕರೆಂಟು ಕೊಡದೆ ನಡುವೆ 100 ವ್ಯಾಟಿನ ಹಳೇ ಬಲ್ಬ್ ಹಾಕಿದ್ದರು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಝಗ್ಗೆಂದು ಉರಿಯುತ್ತದೆ, ಸೆಟ್ಟು ಉಳಿಯುತ್ತದೆ. ಬಲ್ಬ್ ಒಮ್ಮೆ ಹೊಳೆದು ಮಂಕಾಯಿತು. ಮೊಮ್ಮಗ ‘ತಾತ, ಆನ್ ಆಗ್ಲೇ ಇಲ್ಲ’ ಎಂದ. ‘ಬಿಸಿಯಾಗಬೇಕು ಪುಟ್ಟಾ’ ಎಂದರು. ಅರ್ಧ ನಿಮಿಷದ ಮೇಲೆ ಐದು ವಾಲ್ವುಗಳ ಹೊಟ್ಟೆಯಲ್ಲಿ ಕಿತ್ತಳೆ ಬಣ್ಣದ ಕಿಡಿ ಕಂಡಿತು. ಗ್ರಿಡ್ಡಿನಲ್ಲಿ ಸೊನ್ನೆ ವೋಲ್ಟ್. ಬಲ್ಬ್ ತೆಗೆದು, ಮುಳ್ಳನ್ನು ಬೆಂಗಳೂರಿನ 612ಕ್ಕೆ ತಿರುಗಿಸಿದರು.

ಬಂದದ್ದು ಗರ್‌ರ್‌ರ್ ಎಂಬ ಶಬ್ದ. ಅದರ ಹಿಂದೆ ಎಲ್ಲೋ ಒಬ್ಬ ಮನುಷ್ಯ ಹಿಟ್ಟಿನ ಗಿರಣಿಯಲ್ಲಿ ಕೂತು ಮಾತಾಡುತ್ತಿದ್ದ.

ರಾಯರು ಎಡಗೈ ಬೆನ್ನ ಹಿಂದಿಟ್ಟು ಯೋಚಿಸಿದರು. ಆಮೇಲೆ ಹೋಗಿ ಮೊಬೈಲ್ ಚಾರ್ಜರ್ ಕಿತ್ತರು. ಗಿರಣಿ ಸ್ವಲ್ಪ ದೂರ ಹೋಯಿತು. ಎಲ್ಇಡಿ ಬಲ್ಬುಗಳನ್ನು ಒಂದೊಂದಾಗಿ ಆರಿಸಿದರು, ಇನ್ನಷ್ಟು ದೂರ. ಟಿವಿ, ಸೊಸೆಯ ಲ್ಯಾಪ್‌ಟಾಪಿನ ಚಾರ್ಜರ್. ಕೊನೆಗೆ ವೈಫೈ. ಮೇನ್ ಸ್ವಿಚ್ಚನ್ನೇ ಆರಿಸೋಣವೆಂದರೆ ರೇಡಿಯೋಕ್ಕೂ ಕರೆಂಟು ಬೇಕಲ್ಲ! ಇಷ್ಟಾದರೂ ಉಳಿದ ಸಣ್ಣ ಗರಗರ ಎಲ್ಲಿಯದೆಂದು ಪಕ್ಕದ ಮನೆಯವರ ಬಾಗಿಲು ತಟ್ಟಿ, ಅವರ ವರಾಂಡದ ಬಲ್ಬನ್ನೂ ಆರಿಸಿ ಬಂದರು. ಅವರೂ ಏನೋ ಆಗಿದೆಯೆಂದು ಹಿಂದೆಯೇ ಬಂದರು.

ಕತ್ತಲೆ. ಡಯಲ್ಲಿನ ಹಳದಿ ಬೆಳಕೊಂದೇ. ಮಾಡಲು ಬೇರೇನೂ ಇಲ್ಲದ್ದರಿಂದ ಒಂಬತ್ತು ಜನ ಅದರ ಮುಂದೆ ಕೂತೆವು. ಈಗ ದನಿ ತಿಳಿಯಾಗಿ, ಎದೆಯಿಂದ ಬಂದ ಹಾಗೆ ಬಂತು. ರೈತರ ಕಾರ್ಯಕ್ರಮ. ತೆಂಗಿನ ಸುಳಿ ಕೊರೆಯುವ ದುಂಬಿಯ ವಿಷಯವಾಗಿ ಯಾರೋ ತಜ್ಞರು ನಿಧಾನವಾಗಿ ವಿವರಿಸುತ್ತಿದ್ದರು. ನಮ್ಮಲ್ಲಿ ಯಾರಿಗೂ ಒಂದೂ ತೆಂಗಿನ ಮರವಿಲ್ಲ. ಆದರೂ ಒಬ್ಬರೂ ಏಳಲಿಲ್ಲ. ಎಲೆಯ ಕಂಕುಳಲ್ಲಿ ನುಸಿಗುಳಿಗೆ ಇಡಬೇಕು ಎಂದಾಗ ರಾಯರ ಮನೆಯವರು ‘ಬೀರುವಲ್ಲಿ ಸೀರೆಗೆ ಇಡ್ತೀವಲ್ಲ, ಅದೇನಾ?’ ಎಂದರು. ಎಷ್ಟು ಇಡಬೇಕೆಂದು ತಜ್ಞರು ಹೇಳುವ ಹೊತ್ತಿಗೆ ಎದುರುಮನೆಯವರು ಏನನ್ನೋ ಹಾಕಿದರು, ಗಿರಣಿ ಮತ್ತೆ ಶುರುವಾಯಿತು. ಮೂರೋ ನಾಲ್ಕೋ ಎಂದು ಬೀದಿಯಲ್ಲಿ ರಾತ್ರಿ ಹತ್ತರವರೆಗೆ ಚರ್ಚೆ ನಡೆಯಿತು.

ಮಾರನೆಯ ಸಂಜೆ ರಾಯರು ಎಸ್. ಪಿ. ರೋಡಿನಿಂದ ತಡವಾಗಿ ಬಂದರು. ‘ಸಣ್ಣದೊಂದು ಗುಂಯ್ ಉಳಿದಿದೆ ಕಣಯ್ಯಾ. ಫಿಲ್ಟರ್. ಒಂದೇ ಒಂದು ಕಂಡೆನ್ಸರ್...’ ಎನ್ನುತ್ತಾ ಬಾಗಿಲು ತೆಗೆದರು. ಮನೆ ಕತ್ತಲಾಗಿತ್ತು. ವೈಫೈ ಆಗಲೇ ಆರಿತ್ತು. ವಾಲ್ವುಗಳು ಬಿಸಿಯಾಗಿದ್ದವು. ರೇಡಿಯೋದ ಮುಂದೆ ಯಾರೋ ಹಲಸಿನ ಮಣೆ ಹಾಕಿಕೊಂಡು ಕೂತಿದ್ದರು.

‘ಶ್! ಆಮೇಲೆ ರಿಪೇರಿ ಮಾಡಿ’ ಎಂದಿತು ಮಣೆಯ ಕಡೆಯ ದನಿ. ‘ಇವತ್ತು ಅಡಿಕೆ.’