ಎರಡನೇ ಮುಂಬಯಿಗೆ ಒಂದು ನಿಯಾನ್ ಬೋರ್ಡು

ಅಮೆರಿಕದ ಬೋಸ್ಟನ್ ಊರಿನ ಕೆನ್‌ಮೋರ್ ಚೌಕದಲ್ಲಿ ಕಟ್ಟಡವೊಂದರ ನೆತ್ತಿಯ ಮೇಲೆ 60 ಅಡಿ ಎತ್ತರದ ‘ಸಿಟ್ಗೊ’ ಬೋರ್ಡಿದೆ. ಪೆಟ್ರೋಲ್ ಕಂಪನಿಯ ಜಾಹೀರಾತು, ಅಷ್ಟೇ. 1965ರದು. ಕರೆಂಟು ಉಳಿಸೋಣವೆಂದು 1979ರಲ್ಲಿ ಗವರ್ನರ್ ಸಾಹೇಬರು ಆರಿಸಿದರು. 1983ರಲ್ಲಿ ಬಿಚ್ಚಲು ಹೊರಟಾಗ ಊರಿನವರು ಅಡ್ಡ ನಿಂತರು, ಮತ್ತೆ ಹಚ್ಚಿದರು. 2005ರಲ್ಲಿ ನಿಯಾನ್ ಕೊಳವೆ ಕಿತ್ತು ಎಲ್‌ಇಡಿ ಕೂರಿಸಿದರು. ಪರಂಪರೆಗೆ ಏನೂ ಆಗಲಿಲ್ಲ. 2018ರಲ್ಲಿ ಅಲ್ಲಿನ ಆಯೋಗ ಅದನ್ನು ಸ್ಮಾರಕ ಎಂದಿತು, ಮೇಯರ್ ಒಲ್ಲೆ ಎಂದರು.

ಎರಡನೇ ಮುಂಬಯಿ ಎನ್ನಿಸಿಕೊಂಡ ನಮ್ಮ ಆದವಾನಿಗೆ ಇಂಥದ್ದೊಂದು ಬೇಡವೇ? ಹತ್ತಿ ಇದೆ, ಜಿನ್ನಿಂಗ್ ಮಿಲ್ಲುಗಳಿವೆ, ದುಡ್ಡಿನ ಕುಳಗಳೂ ಇದ್ದಾರೆ. ಮಾಳಿಗೆಗಳೇ ಖಾಲಿ ಇಲ್ಲ. ಅಲ್ಲಿ ನಾಯಕರು ಫ್ಲೆಕ್ಸಿನಲ್ಲಿ ಕೈ ಮುಗಿದು ನಿಂತಿದ್ದಾರೆ. ಕೆಳಗೆ ಸಾಲಾಗಿ ಅಂಚೆಚೀಟಿ ಗಾತ್ರದ ಅಭಿಮಾನಿಗಳು, ಅರ್ಧಕ್ಕರ್ಧ ಕಪ್ಪು ಕನ್ನಡಕದಲ್ಲಿ. ಗಾಳಿಗೆ ಒಂದು ಮೂಲೆ ಹರಿದು ನಾಯಕರ ಕಿವಿ ಪಟಪಟ ಬಡಿದುಕೊಳ್ಳುತ್ತದೆ. 2022ರ ಆಗಸ್ಟ್‌ನಲ್ಲಿ ಆಂಧ್ರದ ಆಗಿನ ಮುಖ್ಯಮಂತ್ರಿ ಜಗನ್ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧ ಸಾರಿದರು. ಅವರದೇ ಹುಟ್ಟುಹಬ್ಬ ಡಿಸೆಂಬರ್‌ನಲ್ಲಿ ಬರುತ್ತದೆಂಬುದನ್ನು ಅಭಿಮಾನಿಗಳು ಮರೆಯಬೇಕಿತ್ತೇನೋ!

ಇರಲಿ, ಬೋರ್ಡು ಹಾಕಿಸಿದೆವು ಅಂತಲೇ ಇಟ್ಟುಕೊಳ್ಳಿ. ಯಾವ ಅಕ್ಷರದಲ್ಲಿ? 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಹೋಯಿತು. ಅದೇ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಬಂದವು. ಅಂದಿನಿಂದ ನಮ್ಮ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತೆಲುಗು. ನೆರೆಹೊರೆ ಚೆನ್ನಾಗಿಯೇ ಇದೆ, ಜಗಳವಿಲ್ಲ. ಬೋರ್ಡಿನ ಮೇಲೆ ಮಾತ್ರ ನಮಗೆ ಜಾಗವಿಲ್ಲ.

ಕನ್ನಡದ ಬೋರ್ಡು ನೋಡಲೇಬೇಕೆಂದರೆ ಮಂತ್ರಾಲಯಕ್ಕೆ ಹೋಗಿ. ಅದೂ ಆಂಧ್ರವೇ, ನಮ್ಮ ಪಕ್ಕದ್ದೇ. ಲಾಡ್ಜು, ಹೋಟೆಲು, ತುಳಸಿಮಾಲೆಯ ಅಂಗಡಿ, ಎಲ್ಲೆಲ್ಲೂ ಕನ್ನಡ ಝಗಮಗ. ರಾಯರ ಮಹಿಮೆ ದೊಡ್ಡದು, ನಿಜ. ಬೆಂಗಳೂರು, ಹುಬ್ಬಳ್ಳಿಯಿಂದ ಬರುವ ಭಕ್ತರ ಜೇಬಿನ ಮಹಿಮೆಯೂ ಸಣ್ಣದಲ್ಲ. ಅಲ್ಲಿನ ಲಾಡ್ಜಿನವನಿಗೆ ಯಾವ ಹೋರಾಟಗಾರನೂ ಕನ್ನಡ ಬರೆಸೆಂದು ಹೇಳಬೇಕಾಗಲಿಲ್ಲ. ಖುದ್ದು ಬೆಂಗಳೂರಿನಲ್ಲೇ ಶೇಕಡ 60 ಕನ್ನಡ ಬರೆಸಲು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ತರಬೇಕಾಯಿತು.

ಆದವಾನಿಯ ಮಾರ್ಕೆಟ್ ಯಾರ್ಡಿಗೆ ಬರುವ ಕನ್ನಡದ ರೈತ ಹತ್ತಿ ಮಾರಲು ಬರುತ್ತಾನೆ. ಮಾರುವವನ ಕಣ್ಣಿಗೆಂದು ಯಾರಾದರೂ ದೀಪದ ಬೋರ್ಡು ಹಾಕಿಸುತ್ತಾರೆಯೇ? ಅವನು ಓದಬೇಕಾದದ್ದು ತಕ್‌ಪಟ್ಟಿ ಎಂಬ ಲೆಕ್ಕದ ಚೀಟಿ ಒಂದೇ. ಅದರಲ್ಲಿ ದಲಾಲಿ, ಹಮಾಲಿ ಎಂದು ಮುರಿದುಕೊಂಡ ಅಂಕಿಗಳು ಯಾವ ಭಾಷೆಯವನಿಗೂ ತಟ್ಟನೆ ಅರ್ಥವಾಗುತ್ತವೆ.