ಆಹಾಕಾರ ಮೀಮಾಂಸೆ ಅಥವಾ ಕೇಳುಗನ ಕತ್ತಿನ ಶಾಸ್ತ್ರ

ಮಂಗಳಾಚರಣೆ ಮುಗಿಯಿತೆಂದು ಭಾವಿಸತಕ್ಕದ್ದು. ತಂಬೂರಿ ಶ್ರುತಿಗೆ ಕೂಡಿಸುವುದರಲ್ಲೇ ಅರ್ಧ ಗಂಟೆ ಕಳೆಯುವ ನಾಡಿನಲ್ಲಿ ಓದುಗರನ್ನು ಇನ್ನೂ ಕಾಯಿಸುವುದು ನ್ಯಾಯವಲ್ಲ.

ಹಾಡುವವರ ಬಗ್ಗೆ ನಮ್ಮಲ್ಲಿ ಶಾಸ್ತ್ರಕ್ಕೆ ಬರವೇ? ಹದಿಮೂರನೆಯ ಶತಮಾನದಲ್ಲಿ ದೇವಗಿರಿಯಲ್ಲಿ ಕೂತು ಸಂಗೀತರತ್ನಾಕರ ಬರೆದ ಶಾರ್ಙ್ಗದೇವ ಹಲ್ಲು ಕಚ್ಚಿ ಹಾಡುವವನು, ಒಂಟೆಯ ಹಾಗೆ ಕತ್ತು ಮಾಡುವವನು, ಕಣ್ಣು ಮುಚ್ಚುವವನು, ಮೂಗಿನಲ್ಲಿ ಹಾಡುವವನು ಎಂದು ಕೆಟ್ಟ ಗಾಯಕರಲ್ಲೇ 25 ಬಗೆ ಎಣಿಸಿದ. ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿ ಸ್ವರಗಳನ್ನೆಲ್ಲ ಲೆಕ್ಕಕ್ಕೆ ಕೂರಿಸಿ 72 ಮೇಳ ತೆಗೆದ. ಅವುಗಳಲ್ಲಿ ಹೆಚ್ಚಿನವನ್ನು ಅವನ ಕಾಲದಲ್ಲಿ ಯಾರೂ ಹಾಡುತ್ತಿರಲಿಲ್ಲ ಎಂಬುದು ಅವನ ಉತ್ಸಾಹವನ್ನು ಕುಗ್ಗಿಸಲಿಲ್ಲ. ಇಷ್ಟೆಲ್ಲ ಎಣಿಸಿದ ಮಹನೀಯರು ಎದುರಿಗೆ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವನ ಕತ್ತನ್ನು ಮಾತ್ರ ವಿಚಾರಿಸಲಿಲ್ಲ. ಅವನಿಗೆ ಒಳಗೆ ಏನಾಗುತ್ತದೆ, ಆದದ್ದು ಹೊರಗೆ ಎಲ್ಲಿಂದ ಸೋರುತ್ತದೆ, ಸೋರಿದ್ದನ್ನು ಪಕ್ಕದವನು ಎಷ್ಟರ ಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆಗಳು ಇಂದಿಗೂ ಅನಾಥ. ಅವನ್ನು ದತ್ತು ತೆಗೆದುಕೊಳ್ಳಲು ಈ ಗ್ರಂಥ ಅವತರಿಸಿದೆ.

ಸೂತ್ರ ಒಂದೇ: ಆನಂದವು ಕಿವಿಯಿಂದ ಪ್ರವೇಶಿಸಿ ಕತ್ತಿನಿಂದ ನಿರ್ಗಮಿಸುತ್ತದೆ. ಇಲ್ಲಿ ಕತ್ತು ಎಂದದ್ದು ಉಪಲಕ್ಷಣ. ಅದರಿಂದ ತೊಡೆ, ಬೆರಳು, ನಾಲಿಗೆ, ಹುಬ್ಬುಗಳನ್ನೂ ಗ್ರಹಿಸಬೇಕು. ಕಾಲನ್ನು ಗ್ರಹಿಸಕೂಡದು. ಕೂತಲ್ಲೇ ಕಾಲು ಕುಣಿಸಿ ಇಡೀ ಸಾಲಿನ ಕುರ್ಚಿಗಳನ್ನು ನಡುಗಿಸುವವರು ರಸಿಕರ ಕೋಟಿಗೆ ಸೇರಿದವರಲ್ಲ. ಅವರದು ಭೂಗರ್ಭಶಾಸ್ತ್ರದ ವಿಷಯ.

ಪ್ರಾಚೀನರ ಮತವನ್ನು ಮೊದಲು ನೋಡೋಣ. ನಾಟ್ಯಶಾಸ್ತ್ರದಲ್ಲಿ ಭರತ ತಲೆಯ ಚಲನೆಗಳು 13 ಎಂದ. ಅಭಿನಯದರ್ಪಣದ ನಂದಿಕೇಶ್ವರ ಮಿತವ್ಯಯಿ, ಒಂಬತ್ತಕ್ಕೆ ಇಳಿಸಿದ. ಇಬ್ಬರೂ ಹೇಳಿದ್ದು ಕುಣಿಯುವವರಿಗೆ. ಆದರೆ ಕುಂದಗೋಳದ ನಾಡಿಗೇರ ವಾಡೆಯಲ್ಲಿ, ಸವಾಯಿ ಗಂಧರ್ವರ ಪುಣ್ಯಸ್ಮರಣೆಯ ಅಹೋರಾತ್ರಿ ಬೈಠಕಿನಲ್ಲಿ, ಕಂಬಕ್ಕೆ ಒರಗಿ ಕೂತು ಗಾಯಕರನ್ನು ಬಿಟ್ಟು ಕೇಳುಗರನ್ನು ನೋಡಿದರೆ ಹದಿಮೂರೂ ಒಂದೇ ಸಾಲಿನಲ್ಲಿ ಸಿಗುತ್ತವೆ. ಮೇಲೆ ಕೆಳಗೆ ಮೆಲ್ಲಗೆ ಆಡುವ ಆಕಂಪಿತವು ರಾಗದ ಗುರುತು ತಾನೇ ಹಿಡಿದವನದು. ಅದೇ ಚಲನೆ ಬಿರುಸಾದರೆ ಕಂಪಿತ. ಇದು ಗುರುತು ಹತ್ತದೆ ಪಕ್ಕದವನನ್ನು ಕೇಳಿ ತಿಳಿದವನದು. ಅಡ್ಡಡ್ಡ ನಿಧಾನವಾಗಿ ತೂಗುವ ಧುತವನ್ನು ಭರತ ಒಲ್ಲೆನೆನ್ನುವುದಕ್ಕೂ ವಿಷಾದಕ್ಕೂ ವಿಸ್ಮಯಕ್ಕೂ ಹೇಳಿದ್ದಾನೆ. ಸಾಲ ಕೇಳಲು ಬಂದ ಭಾವಮೈದುನನಿಗೆ ತೋರಿಸುವ ತಲೆ ಇದೇ. ದರ್ಬಾರಿಯ ಗಾಂಧಾರ ತೂಗುತ್ತ ತೂಗುತ್ತ ಇಳಿಯುವಾಗ ‘ಬ್ಯಾಡ, ಬ್ಯಾಡ, ಹಿಂಗ ಕೊಲ್ಲಬ್ಯಾಡ’ ಎಂಬಂತೆ ಆಡುವ ತಲೆಯೂ ಇದೇ. ಎಲ್ಲ ದಿಕ್ಕಿಗೂ ವಾಲುವ ಲೋಲಿತವು ಮೂರ್ಛೆ, ಮದ, ಗ್ರಹಾವೇಶ, ನಿದ್ರೆಗಳಿಗೆ ಸಲ್ಲುತ್ತದೆಂದು ಶಾಸ್ತ್ರ. ರಾತ್ರಿ ಮೂರರ ಮೇಲೆ ಈ ನಾಲ್ಕರಲ್ಲಿ ಯಾವುದು ನಡೆದಿದೆ ಎಂಬುದಕ್ಕೆ ಗೊರಕೆಯೊಂದೇ ಪ್ರಮಾಣ.

ಈ ಗ್ರಂಥದ ಉದಾಹರಣಪುರುಷರು ಆ ಸಾಲಿನಲ್ಲೇ ಇದ್ದರು. ನಿವೃತ್ತ ಹೆಡ್‌ಮಾಸ್ತರರು; ಹೆಸರು ಬೇಡ, ಮಾಸ್ತರರು ಎಂದರೆ ಸಾಕು. ಬಿಳಿ ಧೋತರ, ಕರಿ ಟೊಪ್ಪಿಗೆ, ಮಡಿಲಲ್ಲಿ ಅಡಕೊತ್ತು. ಆಲಾಪ ಏರುತ್ತಿದ್ದಾಗ ಅವರ ಅಡಕೊತ್ತು ಅಡಕೆಯನ್ನು ಅರ್ಧಕ್ಕೆ ಕಚ್ಚಿ ಹಿಡಿದು ನಿಂತಿರುತ್ತಿತ್ತು. ತಾರಸಪ್ತಕದ ಷಡ್ಜ ಮುಟ್ಟಿದೊಡನೆ ‘ಕಟ್’. ಅಡಕೆಯ ಎರಡು ಹೋಳು, ಮಾಸ್ತರರ ಬಾಯಲ್ಲಿ ಒಂದು ‘ಹಾಂ’. ಅಡಕೊತ್ತು ಮೊದಲೋ ‘ಹಾಂ’ ಮೊದಲೋ ಎಂಬುದು ಅನಿರ್ಣೀತ.

ದೇಶಭೇದದ ಮಾತು. ಹಿಂದೂಸ್ತಾನಿ, ಕರ್ನಾಟಕಿ ಎರಡೂ ಪದ್ಧತಿಯ ಸಂಗೀತ ಮನೆಮಾತಾಗಿರುವ ಕರ್ನಾಟಕ ಈ ಶಾಸ್ತ್ರಕ್ಕೆ ಹೇಳಿ ಮಾಡಿಸಿದ ಪ್ರಯೋಗಶಾಲೆ. ಸ್ಥೂಲವಾಗಿ, ತುಂಗಭದ್ರೆಯ ಬಡಗಣಕ್ಕೆ ಆನಂದ ತಲೆಯಲ್ಲಿ, ತೆಂಕಣಕ್ಕೆ ತೊಡೆಯಲ್ಲಿ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಿಂದ ರಾಮನವಮಿ ಸಂಗೀತೋತ್ಸವ ನಡೆಸುತ್ತ ಬಂದಿರುವ ಶ್ರೀರಾಮಸೇವಾ ಮಂಡಳಿಯ ಚಪ್ಪರದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಆದಿತಾಳದ ಎಂಟು ಎಣಿಕೆ: ಒಂದು ತಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಮತ್ತೆ ತಟ್ಟಿ ಬೀಸು, ತಟ್ಟಿ ಬೀಸು. ಒಂದೇ ಸಾಲಿನಲ್ಲಿ ಇಪ್ಪತ್ತು ತೊಡೆಗಳ ಮೇಲೆ ಈ ಜಮಾಖರ್ಚು ನಡೆದಿರುತ್ತದೆ. ತೆಂಕಣದ ಆನಂದಕ್ಕೆ ಲೆಕ್ಕಪತ್ರ ಉಂಟು. ಗಾಯಕ ಎಡವಿದರೆ ಸಭಿಕರ ಕೈಯಲ್ಲಿ ರಸೀದಿ ಇರುತ್ತದೆ. ಇಷ್ಟು ಶಿಸ್ತಿನ ಲೆಕ್ಕಿಗರು ಶುದ್ಧ ಲೆಕ್ಕವೇ ಆದ ತನಿ ಆವರ್ತನ ಶುರುವಾದ ಕೂಡಲೇ ಎದ್ದು ಕಾಫಿಗೆ ಹೋಗುವುದೇಕೆ ಎಂಬುದನ್ನು ವಿದ್ವಾಂಸರು ವಿವರಿಸಿಲ್ಲ. ಮೃದಂಗದವರು ವಿವರಿಸಿದ್ದಾರೆ, ಅಚ್ಚು ಹಾಕಲು ಬಾರದ ಮಾತಿನಲ್ಲಿ.

ನಾಲಿಗೆಯ ವಿಷಯ ಚಿಕ್ಕದು. ಬಡಗಣದ ‘ವಾಹ್’, ‘ಕ್ಯಾ ಬಾತ್ ಹೈ’, ತೆಂಕಣದ ‘ಭಲೇ’, ‘ಆಹಾ’ ಎಲ್ಲವೂ ಗೊತ್ತಿದ್ದದ್ದೇ. ಇವೆಲ್ಲಕ್ಕಿಂತ ಮೇಲಿನದು ಲೊಚಗುಟ್ಟುವುದು. ಯಾರೋ ತೀರಿಕೊಂಡರೆಂದು ತಿಳಿದಾಗ ಮಾಡುವ ಆ ‘ಚ್ ಚ್ ಚ್’ ಶಬ್ದವನ್ನೇ ಕಾಂಭೋಜಿ ಕಳೆಗಟ್ಟಿದಾಗಲೂ ಮಾಡುವುದರಲ್ಲಿ ಒಂದು ಆಳವಾದ ತತ್ತ್ವವಿದೆ. ಕಛೇರಿಯ ಹಂದರದಾಚೆ ನಿಂತು ಕೇಳಿದವರು ಒಳಗೆ ಏನೋ ಅನಾಹುತವಾಗಿದೆ ಎಂದುಕೊಂಡರೆ ಅವರ ತಪ್ಪೇನೂ ಇಲ್ಲ.

ಈಗ ಗ್ರಂಥದ ಗರ್ಭಗುಡಿ, ಅಂದರೆ ಸಮ್, ತಾಳ ಸುತ್ತಿ ಬಂದು ಮತ್ತೆ ಶುರುವಾಗುವ ಮೊದಲ ಮಾತ್ರೆ. ಕಿರಾನಾ ಘರಾಣೆಯವರ ವಿಲಂಬಿತ ಏಕತಾಳವನ್ನು ತೆಗೆದುಕೊಳ್ಳಿ. ಮಾತ್ರೆ ಹನ್ನೆರಡೇ ಆದರೂ ಒಂದು ಆವರ್ತನ ಸುತ್ತಿ ಬರಲು ಮುಕ್ಕಾಲು ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಅಷ್ಟು ಹೊತ್ತು ಗಾಯಕ ಎಲ್ಲೆಲ್ಲೋ ಅಲೆಯುತ್ತಾನೆ, ಮನೆಯ ದಾರಿ ಮರೆತನೇನೋ ಎಂಬ ಹಾಗೆ. ಒಂಬತ್ತನೆಯ ಮಾತ್ರೆ ದಾಟಿ ತಬಲಾದಲ್ಲಿ ‘ತಿರಕಿಟ’ ಬಿದ್ದಾಗ ಕೇಳುಗನ ಬೆನ್ನು ನೆಟ್ಟಗಾಗುತ್ತದೆ. ಗಾಯಕ ಇನ್ನೂ ತಾನಿನಲ್ಲೇ ಇದ್ದಾನೆ. ಹನ್ನೊಂದು. ಬಂದಿಶಿನ ಮುಖಡಾ ಹಿಡಿಯಬೇಕು, ಹಿಡಿಯಲಿಲ್ಲ. ಹನ್ನೆರಡರ ಅಂಚಿನಲ್ಲಿ ಹೇಗೋ ಹಿಡಿದು ‘ಧಿನ್’ ಎಂಬಲ್ಲಿ ಬಂದು ಕೂತಾಗ ಸಭೆಯ ಎಲ್ಲ ತಲೆಗಳೂ ಒಟ್ಟಿಗೆ ಕೆಳಗೆ ಬೀಳುತ್ತವೆ. ಜೈಪುರ-ಅತ್ರೌಲಿಯ ಮಲ್ಲಿಕಾರ್ಜುನ ಮನಸೂರರ ದಾರಿ ಬೇರೆ. ಅವರು ಮಧ್ಯಲಯದ ತೀನತಾಳದಲ್ಲಿ ಸಮ್ಮಿನ ಸುಳಿವನ್ನೇ ಕೊಡದೆ ಸ್ವರಗಳನ್ನು ಒಂದರೊಳಗೊಂದು ಹೆಣೆಯುತ್ತ ಬಂದು, ಹಿಂಬಾಗಿಲಿನಿಂದ ಮನೆ ಹೊಕ್ಕವರಂತೆ ಒಳಗೆ ಕೂತಿರುತ್ತಿದ್ದರು. ಅವರ ಕೇಳುಗರ ತಲೆ ಅರ್ಧ ಮಾತ್ರೆ ತಡವಾಗಿ ಬೀಳುತ್ತಿದ್ದುದಕ್ಕೆ ಇದೇ ಕಾರಣವೆಂದು ಈ ಗ್ರಂಥಕಾರನ ಅಭಿಮತ. ಬೇರೆಯವರ ಅಭಿಮತ ಕೇಳಲಾಗಿಲ್ಲ.

ಇಷ್ಟರಿಂದ ಸಿದ್ಧವಾದದ್ದೇನು? ಸುಖ ಇರುವುದು ತಲುಪುವುದರಲ್ಲಿ ಮಾತ್ರವಲ್ಲ, ‘ಇನ್ನೇನು ಬಂತು’ ಎಂಬುದರಲ್ಲೂ. ಮಾಸ್ತರರು ಇದನ್ನು ಅಡಕೊತ್ತಿನಿಂದ ತೋರಿಸಿದರು. ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಅದನ್ನೇ ಯಂತ್ರದಿಂದ ತೋರಿಸಿ 2011ರಲ್ಲಿ ಪ್ರಕಟಿಸಿದರು. ಸಂಗೀತ ಕೇಳಿದರೆ ಮೈ ಜುಮ್ಮೆನ್ನುವವರನ್ನೇ ಆರಿಸಿ, ಅವರವರ ಮೆಚ್ಚಿನ ಸಂಗೀತವನ್ನೇ ಕೇಳಿಸಿ, ಮಿದುಳನ್ನು ಚಿತ್ರಿಸಿದರು. ಜುಮ್ಮೆನ್ನುವ ಗಳಿಗೆಯಲ್ಲಿ ಅಕಂಬೆನ್ಸ್ ಎಂಬ ಭಾಗದಲ್ಲಿ ಡೋಪಮಿನ್ ಸ್ರವಿಸಿತು. ಅದಕ್ಕೂ ತುಸು ಮುಂಚೆ, ನಿರೀಕ್ಷೆಯ ಗಳಿಗೆಯಲ್ಲಿ, ಕಾಡೇಟ್ ಎಂಬ ಬೇರೊಂದು ಭಾಗದಲ್ಲಿ ಸ್ರವಿಸಿತು. ಎಂದರೆ ‘ತಿರಕಿಟ’ಕ್ಕೆ ಒಂದು ಕೋಣೆ, ‘ಧಿನ್’ಗೆ ಇನ್ನೊಂದು.

ಆದರೆ ಆ ಯಂತ್ರಗಳ ಒಂದು ಕಟ್ಟಳೆ ಕೇಳಿದರೆ ನಮ್ಮವರು ನಕ್ಕಾರು: ಒಳಗೆ ಮಲಗಿದವನು ತಲೆ ಅಲ್ಲಾಡಿಸಕೂಡದು. ಅಲ್ಲಾಡಿದರೆ ಚಿತ್ರ ಕೆಡುತ್ತದೆ. ಹಾಗಾದರೆ ಜಗತ್ತಿನ ವಿಜ್ಞಾನ ಇದುವರೆಗೆ ಅಳೆದಿರುವುದು ತಲೆದೂಗದವರ ಆನಂದವನ್ನು ಮಾತ್ರ. ಹುಬ್ಬಳ್ಳಿ-ಧಾರವಾಡದ ಆನಂದ ಇನ್ನೂ ಅಳತೆಗೆ ಸಿಕ್ಕಿಲ್ಲ.

ರೋಮಾಂಚದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಭರತನ ಎಂಟು ಸಾತ್ತ್ವಿಕ ಭಾವಗಳಲ್ಲಿ ಅದೊಂದು. ಸ್ಟಾನ್‌ಫರ್ಡಿನ ಗೋಲ್ಡ್‌ಸ್ಟೀನ್ 1980ರಲ್ಲಿ ನಲಾಕ್ಸೋನ್ ಎಂಬ ಮದ್ದು ಚುಚ್ಚಿ, ಕೆಲವರಲ್ಲಿ ಅದು ತಗ್ಗುತ್ತದೆಂದು ತೋರಿಸಿದ. ಆನಂದವನ್ನು ಕಡಿಮೆ ಮಾಡಲು ಸೂಜಿಯೇ ಬೇಕೆಂದು ಅವನಿಗೆ ಏಕೆ ತೋರಿತೋ. ಕಛೇರಿಯ ನಡುವೆ ಸ್ಮರಣಿಕೆ ಕೊಟ್ಟು ಭಾಷಣ ಮಾಡಿಸಿದ್ದರೆ ಸಾಕಿತ್ತು. ಇನ್ನು ಸ್ವೇದ, ಅಂದರೆ ಬೆವರು. ರಾಮನವಮಿ ಬರುವುದು ಬೇಸಗೆಯಲ್ಲಾದ್ದರಿಂದ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸಲಾಗದು.

ರಸಕ್ಕೆ ಏಳು ವಿಘ್ನಗಳೆಂದು ಅಭಿನವಗುಪ್ತ ಹೇಳಿದ. ತನ್ನದೇ ಸುಖದುಃಖದಲ್ಲಿ ಮುಳುಗಿರುವುದು ಅವುಗಳಲ್ಲೊಂದು. ಸಾವಿರ ವರ್ಷದ ಹಿಂದಿನ ಕಾಶ್ಮೀರದಲ್ಲಿ ಕೂತು ಅವನು ಪ್ಲಾಸ್ಟಿಕ್ ಚೀಲದಿಂದ ಚಕ್ಕುಲಿ ತೆಗೆಯುವವನನ್ನು ಊಹಿಸಲಾರದೆ ಹೋದದ್ದು ಕ್ಷಮಾರ್ಹ, ಅದು ಎಂಟನೆಯದು. ಗಾಯಕನಿಗಿಂತ ಒಂದು ಸ್ವರ ಮುಂದೆ ಗುನುಗುವ ಪಕ್ಕದವನು ಒಂಬತ್ತನೆಯದು. ಮೊಬೈಲನ್ನು ಎತ್ತರಕ್ಕೆ ಹಿಡಿದು ಚಿತ್ರೀಕರಿಸಿ, ಆಮೇಲೆ ಎಂದೂ ನೋಡದವನು ಹತ್ತನೆಯದು.

ಇನ್ನೊಂದು ವರ್ಗವಿದೆ. ಬಾರ್ಸಿಲೋನಾದ ಸಂಶೋಧಕರು 2014ರಲ್ಲಿ ತೋರಿಸಿದಂತೆ, ಆರೋಗ್ಯವಾಗಿದ್ದೂ ಸಂಗೀತದಿಂದ ಯಾವ ಸುಖವನ್ನೂ ಪಡೆಯದ ಜನರಿದ್ದಾರೆ. ಹಣ ಗೆಲ್ಲುವ ಆಟದಲ್ಲಿ ಮಾತ್ರ ಅವರ ಮೈಮನಸ್ಸು ಎಲ್ಲರಂತೆ ಅರಳುತ್ತದೆ. ಮುಂದಿನ ಸಾಲಿನ ಸೋಫಾಗಳಲ್ಲಿ ಕೂರುವವರು ಯಾರೆಂಬ ಹಳೆಯ ಸಂದೇಹ ಇದರಿಂದ ಪರಿಹಾರವಾಯಿತು.

ಕೊನೆಯ ಪೂರ್ವಪಕ್ಷ ಎಲ್ಲಕ್ಕಿಂತ ಮೊನಚಾದದ್ದು. ಅದನ್ನು ಎತ್ತಿದವರು ಮಾಸ್ತರರ ಮನೆಯವರು. ‘ಒಳಗಿನ ಸುಖ ಅಂತೀರಿ. ಮತ್ತ ತಲಿ ಅಲ್ಲಾಡಿಸೂಮುಂದ ಓರೆಗಣ್ಣಿನಿಂದ ಬಾಜೂದವರನ್ನ ಯಾಕ ನೋಡ್ತೀರಿ?’ ಎಂದು ಅವರು ಕೇಳಿದರು. ಆಕ್ಷೇಪದ ತಾತ್ಪರ್ಯ: ತಲೆದೂಗುವುದೆಲ್ಲ ಪ್ರದರ್ಶನ, ನೋಡುವವರಿಲ್ಲದಿದ್ದರೆ ಕತ್ತು ಅಲುಗದು. ಇದಕ್ಕೆ ಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ಇಯರ್‌ಫೋನ್ ಹಾಕಿ ಬಸ್ಸಿನಲ್ಲಿ ತಲೆದೂಗುವ ಹುಡುಗರನ್ನು ಉದಾಹರಿಸೋಣವೆಂದರೆ ಬಸ್ಸಿನಲ್ಲೂ ನೋಡುವವರಿದ್ದಾರೆ; ಸಾಲದ್ದಕ್ಕೆ ನಮ್ಮ ರಸ್ತೆಗಳಲ್ಲಿ ಯಾರ ತಲೆ ತಾನೇ ತೂಗುವುದಿಲ್ಲ?

ಉತ್ತರ ಒದಗಿದ್ದು ಆಕಸ್ಮಿಕವಾಗಿ. ಐವತ್ತು ವರ್ಷದ ರಸಿಕತೆಯ ಫಲವಾಗಿ ಮಾಸ್ತರರಿಗೆ ಕತ್ತು ನೋವು ಬಂತು. ವೈದ್ಯರು ಎಂಆರ್‌ಐ ಮಾಡಿಸಿ ಎಂದರು. ಟೊಪ್ಪಿಗೆ, ಉಡದಾರ, ಅಡಕೊತ್ತು ಎಲ್ಲ ಹೊರಗಿಡಿಸಿ, ಕಿವಿಗೆ ಬಿರಡೆ ಇಟ್ಟು, ‘ತಲಿ ಒಂದೀಟೂ ಅಲ್ಲಾಡಿಸಬಾರದ್ರೀ’ ಎಂದು ಎಚ್ಚರಿಸಿ, ಕೊಳವೆಯೊಳಗೆ ತಳ್ಳಿದರು. ಪಕ್ಕದಲ್ಲಿ ಯಾರೂ ಇಲ್ಲ. ಎದುರಿಗೆ ಗಾಯಕನಿಲ್ಲ. ಯಂತ್ರ ಢಕ್ ಢಕ್ ಎಂದು ಬಡಿಯತೊಡಗಿತು. ಮಾಸ್ತರರು ಮೊದಲು ಶವಾಸನದಲ್ಲೇ ಇದ್ದರು. ಆಮೇಲೆ ಕೆಲವು ಬಡಿತಕ್ಕೊಮ್ಮೆ ಒಂದು ತೆರಪು ಬರುವುದು ಗಮನಕ್ಕೆ ಬಂತು. ಎಣಿಸಿದರು. ಹನ್ನೆರಡು. ದ್ರುತ್ ಏಕತಾಳ, ತುಸು ಗಟ್ಟಿ ಕೈ. ಮುಂದಿನ ಸುತ್ತಿಗೆ ಕಾದರು.

ವರದಿಯಲ್ಲಿ ಬರೆದದ್ದು ಇಷ್ಟು: ರೋಗಿ ಅಲುಗಾಡಿದ್ದರಿಂದ ಚಿತ್ರ ಮಸುಕಾಗಿದೆ, ಮತ್ತೊಮ್ಮೆ ಮಾಡಿಸುವುದು. ಈ ಗ್ರಂಥದ ಪ್ರಕಾರ ಆ ಮಸುಕು ಚಿತ್ರವು ಸಾಕ್ಷಿಯಿಲ್ಲದ ಶುದ್ಧ ಆನಂದಕ್ಕೆ ದೊರೆತ ಮೊದಲ ಪ್ರಮಾಣ. ಪೂರ್ವಪಕ್ಷ ಅಲ್ಲಿಗೆ ನಿರಸ್ತ. ಮನೆಯವರು ಮಾತ್ರ ಚಿತ್ರವನ್ನು ಬೆಳಕಿಗೆ ಹಿಡಿದು, ದುಡ್ಡು ದಂಡ ಎಂದಷ್ಟೇ ಭಾಷ್ಯ ಬರೆದರು. ಮಾಸ್ತರರು ಮತ್ತೊಮ್ಮೆ ಮಾಡಿಸಲು ಸಂತೋಷದಿಂದ ಒಪ್ಪಿದ್ದಾರೆ. ಚೀಟಿ ಬರೆಸುವಾಗ, ಈ ಸಲ ಯಂತ್ರವನ್ನು ಸ್ವಲ್ಪ ವಿಲಂಬಿತದಲ್ಲಿ ಹಚ್ಚಲು ಬರುತ್ತದೆಯೇ ಎಂದು ವಿಚಾರಿಸಿ ಬಂದರಂತೆ.