ಬೆನ್ನಿಗೆ ಬರೆದದ್ದು, ಕಣ್ಣಿಗೆ ಹತ್ತಿದ್ದು

ನಮ್ಮ ರಾಜ್ಯದಲ್ಲಿ ನಿದ್ದೆಗೂ ಅಂತಸ್ತುಂಟು. ಶಾಸಕರು ಊಟ ಮುಗಿಸಿ ತೂಕಡಿಸಿದರೆ ಅದು ವಿಶ್ರಾಂತಿ. 2025ರ ಬಜೆಟ್ ಅಧಿವೇಶನಕ್ಕೆ ಮುಂಚೆ ಸಭಾಧ್ಯಕ್ಷ ಯು.ಟಿ. ಖಾದರ್ ಅವರು, ಶಾಸಕರು ಊಟದ ನಂತರ ಒರಗಿಕೊಳ್ಳಲೆಂದು ರಿಕ್ಲೈನರ್ ಕುರ್ಚಿಗಳನ್ನು ಬಾಡಿಗೆಗೆ ತರಿಸುವ ಮಾತಾಡಿದ್ದರು. ಮಲಗಲು ಹೊರಗೆ ಹೋದವರು ಸದನದ ಕಡೆ ಮತ್ತೆ ತಲೆ ಹಾಕುವುದಿಲ್ಲ ಎಂಬ ಕೊರಗಿಗೆ ಕಂಡುಕೊಂಡ ಮದ್ದು ಅದು. ಪ್ರವಚನದಲ್ಲಿ ಮುಂದಿನ ಸಾಲಿನ ಗಣ್ಯರು ಕಣ್ಣು ಮುಚ್ಚಿದರೆ ಧ್ಯಾನ. ಛತ್ರದ ಮೂಲೆಯಲ್ಲಿ ಬೀಗರು ಗೊರಕೆ ಹೊಡೆದರೆ ಹೋಳಿಗೆ ಚೆನ್ನಾಗಿತ್ತು ಎಂಬ ಸರ್ಟಿಫಿಕೇಟು. ಮರ್ಯಾದೆ ಇಲ್ಲದ ನಿದ್ದೆ ಒಂದೇ. ಬೆನ್ನುಮೂಳೆ ಮುರಿದುಕೊಂಡವನು ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು, ಕ್ಯೂನಲ್ಲಿ ನಿಂತು, ಕೈಯಾರೆ ದುಡ್ಡು ಕೊಟ್ಟು ತಂದುಕೊಂಡ ನಿದ್ದೆ. ಅದು ಮಾತ್ರ ಶುದ್ಧ ಸೋಮಾರಿತನ.

ಒಬ್ಬ ಹೈಸ್ಕೂಲು ಮೇಷ್ಟ್ರನ್ನೇ ತೆಗೆದುಕೊಳ್ಳಿ. ಹೆಸರು ಬೇಡ, ಇಂಥವರೊಬ್ಬರು ಪ್ರತಿ ತಾಲೂಕಿನಲ್ಲೂ ಸಿಗುತ್ತಾರೆ. ಅವರ ಕತೆ ಶುರುವಾಗುವುದು ಒಂದು ರಸ್ತೆ ಉಬ್ಬಿನಿಂದ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ರಸ್ತೆ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಗಾಡಿ ಸಾವಕಾಶ ಹತ್ತಿ ಸಾವಕಾಶ ಇಳಿಯಬೇಕು. ನಮ್ಮ ಹಂಪುಗಳ ಜನನವೇ ಬೇರೆ. ಯಾರದೋ ಮನೆ ಮುಂದೆ ಅಪಘಾತವಾಗುತ್ತದೆ, ಸಂಜೆ ಗಲಾಟೆಯಾಗುತ್ತದೆ, ಬೆಳಗಾಗುವಷ್ಟರಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ದಿಂಡು ಎದ್ದಿರುತ್ತದೆ. ಬಿಳಿ ಪಟ್ಟೆಯಿಲ್ಲ, ಫಲಕವಿಲ್ಲ, ಬೀದಿದೀಪದ ಮಾತು ಎತ್ತಲೇಬೇಡಿ. ಕತ್ತಲಲ್ಲಿ ಅದರ ಮೇಲೆ ಹಾರಿದ ಸ್ಕೂಟರು ಒಂದು ಕಡೆ, ಮೇಷ್ಟ್ರು ಇನ್ನೊಂದು ಕಡೆ. ಸೊಂಟದ ಮೊದಲನೆಯ ಮೂಳೆ, ಡಾಕ್ಟರ ಬಾಯಲ್ಲಿ ಎಲ್-ಒನ್, ಒಡೆದು ನರ ಒತ್ತಿತು. ಸ್ಕ್ರೂ, ರಾಡು, ಬೆಲ್ಟು, ಹಾಸಿಗೆ. ಅಪಘಾತ ತಡೆಯಲು ಹಾಕಿದ ಹಂಪು ಅಲ್ಲಿಗೆ ತನ್ನ ಕರ್ತವ್ಯ ಮುಗಿಸಿತು.

ಮೂಳೆ ಕೂಡಿತು, ನರ ಕೂಡಲಿಲ್ಲ. "ಕಾಲು ಉರೀತದೆ ಸಾರ್, ಕರೆಂಟು ಹೊಡೆದಂಗಾಗ್ತದೆ" ಎಂದರು ಮೇಷ್ಟ್ರು. "ನರದ ನೋವು. ಮಾತ್ರೆ ಬರೀತೀನಿ, ತಿಂಗಳು ಬಿಟ್ಟು ಬನ್ನಿ" ಎಂದರು ಡಾಕ್ಟರು, ಕಣ್ಣು ಬಾಗಿಲಾಚೆಯ ಸಾಲಿನ ಮೇಲಿಟ್ಟು. ಅವರನ್ನೂ ದೂರುವಂತಿಲ್ಲ, ಆ ಸಾಲಿನ ಬಾಲ ಸೈಕಲ್ ಸ್ಟ್ಯಾಂಡ್‌ವರೆಗೂ ಇತ್ತು.

ಚೀಟಿಯಲ್ಲಿ ಇದ್ದದ್ದು ಇಷ್ಟು. ಪ್ರಿಗ್ಯಾಬಲಿನ್ 75 ಮಿಲಿಗ್ರಾಂ ಮತ್ತು ನಾರ್ಟ್ರಿಪ್ಟಲಿನ್ 10 ಮಿಲಿಗ್ರಾಂ ಸೇರಿಸಿದ ಒಂದೇ ಮಾತ್ರೆ. ಮೊದಲನೆಯದನ್ನು ಮೂರ್ಛೆರೋಗಕ್ಕೂ ಕೊಡುತ್ತಾರೆ, ಎರಡನೆಯದು ಖಿನ್ನತೆಯ ಹಳೇ ಔಷಧ. ಹೀಗೆ ಒಂದರ ಬೆಲೆಗೆ ಎರಡು ನಿದ್ದೆ. ಸ್ನಾಯು ಸಡಿಲವಾಗಲು ಟಿಜಾನಿಡಿನ್, ಅದೂ ಮಂಪರಿನದೇ. ನೋವು ತಡೆಯಲಾರದಾದಾಗ ಟ್ರಮಡಾಲ್, ಅದು ಅಫೀಮಿನ ದೂರದ ನೆಂಟ. 2018ರಿಂದ ಕೇಂದ್ರ ಸರ್ಕಾರ ಅದನ್ನು ಮಾದಕ ವಸ್ತುಗಳ ಕಾಯ್ದೆಯ ಹದ್ದಿಗೆ ತಂದಿದೆ. ಕೊನೆಗೆ ಗ್ಯಾಸಿಗೆಂದು ಪ್ಯಾಂಟೊಪ್ರಜೋಲ್. ಇಡೀ ಚೀಟಿಯಲ್ಲಿ ಎಚ್ಚರವಾಗಿದ್ದದ್ದು ಆ ಗ್ಯಾಸಿನ ಮಾತ್ರೆಯೊಂದೇ.

ಬೆನ್ನಿಗೆಂದು ಬರೆದದ್ದರಲ್ಲಿ ಬೆನ್ನುಮೂಳೆಯನ್ನು ಮುಟ್ಟಿ ಮಾತಾಡಿಸುವುದು ಒಂದೂ ಇಲ್ಲ. ಎಲ್ಲವೂ ಕೆಲಸ ಮಾಡುವುದು ಮುಖ್ಯವಾಗಿ ಬೆನ್ನುಹುರಿ ಮತ್ತು ಮೆದುಳಿನಲ್ಲಿ. ಪ್ರಿಗ್ಯಾಬಲಿನ್ ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಬರುವ ದಾರಿಯನ್ನು ಕಿರಿದು ಮಾಡಿ, ನೋವಿನ ಸುದ್ದಿ ದಾಟಿಸುವ ರಾಸಾಯನಿಕಗಳು ಕಡಿಮೆ ಸುರಿಯುವಂತೆ ನೋಡಿಕೊಳ್ಳುತ್ತದೆ. ನೋವಿನ ಸುದ್ದಿ ಯಾವುದು, ಎಚ್ಚರದ ಸುದ್ದಿ ಯಾವುದು ಎಂದು ಆರಿಸಿ ತಡೆಯುವ ವಿವೇಕ ಅದಕ್ಕಿಲ್ಲ. ಬೆನ್ನುಹುರಿಗೇ ಪೆಟ್ಟಾದವರ ನರದ ನೋವಿಗೆ ಅದು ನಿಜಕ್ಕೂ ಆಸರೆ. ಆದರೆ ನಮ್ಮಲ್ಲಿ ಸೊಂಟ ಹಿಡಿಯಿತು, ಕಾಲು ಜೋಮು ಹಿಡಿಯಿತು ಎಂದವರಿಗೂ ಅದೇ ಪ್ರಸಾದ. 2017ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಸಯಾಟಿಕಾ ಇದ್ದ 209 ಜನರಲ್ಲಿ ಅರ್ಧ ಜನಕ್ಕೆ ಪ್ರಿಗ್ಯಾಬಲಿನ್, ಉಳಿದವರಿಗೆ ಔಷಧವೇ ಇಲ್ಲದ ಹುಸಿ ಗುಳಿಗೆ ಕೊಟ್ಟು ನೋಡಿದರು. ಕಾಲುನೋವು ಇಳಿಯುವುದರಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತಲೆಸುತ್ತು ಮಾತ್ರ ಅಸಲಿ ಗುಳಿಗೆ ನುಂಗಿದವರಿಗೇ ಹೆಚ್ಚು ಬಂತು. ಅಸಲಿ ಎನ್ನುವುದಕ್ಕೆ ಏನಾದರೂ ಗುರುತು ಬೇಕಲ್ಲ!

ಇನ್ನು ಮೆಡಿಕಲ್ ಶಾಪು. ಹತ್ತು ಮಾತ್ರೆಯ ಸ್ಟ್ರಿಪ್ಪಿನ ಬೆನ್ನಿಗೆ ಕೆಂಪು ಗೆರೆ, ಎಚ್ಚರಿಕೆ, ಔಷಧದ ಹೆಸರು, ಅವಧಿ ಮುಗಿಯುವ ತಾರೀಕು ಎಲ್ಲ ಇರುತ್ತವೆ, ಇರುವೆ ಗಾತ್ರದ ಇಂಗ್ಲಿಷಿನಲ್ಲಿ. ಅಂಗಡಿಯ ಹುಡುಗ ಕತ್ತರಿ ತೆಗೆಯುತ್ತಾನೆ. "ಆರು ಸಾಕಾ ಸಾರ್?" ಕಚಕ್. ತಾರೀಕು ಅಂಗಡಿಯಲ್ಲೇ ಉಳಿಯಿತು, ಹೆಸರಿನ ಅರ್ಧ ಮೇಷ್ಟ್ರ ಜೇಬಿಗೆ ಬಂತು. ಕಂದು ಕವರಿನ ಮೇಲೆ ಪೆನ್ನಿನಲ್ಲಿ ಬೆಳಗ್ಗೆಗೊಂದು ಗೆರೆ, ರಾತ್ರಿಗೊಂದು ಗೆರೆ. ಈ ದೇಶದಲ್ಲಿ ಔಷಧಶಾಸ್ತ್ರ ರೋಗಿಗೆ ತಲುಪುವುದು ಈ ಎರಡು ಗೆರೆಗಳ ರೂಪದಲ್ಲಿ. ಬ್ರಿಟನ್ನಿನಲ್ಲಿ ಫಾರ್ಮಸಿಯವರು ಇಂಥ ಔಷಧದ ಡಬ್ಬಿಗೆ ಒಂದು ಚೀಟಿ ಅಂಟಿಸುತ್ತಾರೆ: ನಿದ್ದೆ ಬಂದೀತು, ಬಂದರೆ ಗಾಡಿ ಓಡಿಸಬೇಡಿ, ಯಂತ್ರ ಮುಟ್ಟಬೇಡಿ, ಮದ್ಯ ಕುಡಿಯಬೇಡಿ. ನಮ್ಮಲ್ಲೂ ಡಬ್ಬಿಯೊಳಗೆ ಮಡಿಸಿಟ್ಟ ಕಾಗದ ಇರುತ್ತದೆ. ಡಬ್ಬಿ ಅಂಗಡಿಯಲ್ಲೇ ಇರುತ್ತದೆ.

ಮನೆಯಲ್ಲಿ ರೋಗನಿದಾನಕ್ಕೆ ಎಂ.ಆರ್.ಐ. ಬೇಕಿಲ್ಲ. ಬೆಳಗ್ಗೆ ಎಂಟಾದರೂ ಏಳದ ಮೇಷ್ಟ್ರನ್ನು ಕಂಡು ಅತ್ತೆ, "ರಾತ್ರಿಯೆಲ್ಲ ಮೊಬೈಲು ಉಜ್ಜಿದರೆ ಇನ್ನೇನಾಗ್ತದೆ" ಎಂದರು. ಷಡ್ಡಕ ಕಾಫಿ ಹೆಚ್ಚಿಸಲು ಹೇಳಿದ. ಪಕ್ಕದ ಮನೆಯವರು ದೃಷ್ಟಿ ತೆಗೆಸಿದರು. ಸಂಜೆ ಬಂದ ಸೋದರಮಾವನದಂತೂ ಉದಾರ ಸ್ವಭಾವ. "ನನಗೂ ಸೊಂಟ ಹಿಡಿದಿದೆ ಕಣೋ, ನಿನ್ನದರಲ್ಲಿ ನಾಲ್ಕು ಕೊಡು" ಎಂದು ಈಸಿಕೊಂಡು, ಒಂದನ್ನು ಅಲ್ಲೇ ನುಂಗಿ, ಬೈಕು ಒದ್ದು ಹೊರಟರು. ಉಪ್ಪಿನಕಾಯಿ ಹಂಚಿಕೊಳ್ಳುವ ಜನ ನಾವು, ಟ್ರಮಡಾಲ್ ಯಾವ ಲೆಕ್ಕ?

ಶಾಲೆಯದು ಇನ್ನೊಂದು ಕತೆ. ಸರ್ಕಾರಿ ನೌಕರನಿಗೆ ಅರ್ಧ ವೇತನದ ರಜೆ ವರ್ಷಕ್ಕೆ 20 ದಿನ. ಕೂಡಿಟ್ಟದ್ದೆಲ್ಲ ಸ್ಕ್ರೂ ಬಿಗಿಯುವುದರೊಳಗೇ ಖಾಲಿ. ಮರಳಿ ಹಾಜರಾಗಲು ಫಿಟ್ನೆಸ್ ಸರ್ಟಿಫಿಕೇಟು ಬೇಕು. ಡಾಕ್ಟರು ಒಂದೇ ಪೆನ್ನಿನಲ್ಲಿ, ಒಂದೇ ದಿನ, ಎರಡು ಹಾಳೆ ಬರೆದರು. ಒಂದರಲ್ಲಿ ಕರ್ತವ್ಯಕ್ಕೆ ಅರ್ಹ ಎಂಬ ಪ್ರಮಾಣ. ಇನ್ನೊಂದರಲ್ಲಿ ಬೆಳಗ್ಗೆಯೊಂದು ರಾತ್ರಿಯೊಂದು ನುಂಗಬೇಕಾದ ಅನರ್ಹತೆ.

ಬಿಸಿಯೂಟದ ನಂತರದ ಪೀರಿಯಡ್ಡು. ಮೇಷ್ಟ್ರು ಬೋರ್ಡಿನ ಮೇಲೆ ತ್ರಿಭುಜ ಬರೆಯುತ್ತಿದ್ದರು. ಎರಡು ಬಾಹು ಸರಿಯಾಗಿಯೇ ಬಂದವು. ಮೂರನೆಯದು ನಡುವೆ ಬಳುಕಿ, ಕೆಳಗಿಳಿದು, ಬೋರ್ಡಿನ ಚೌಕಟ್ಟು ದಾಟಿ ಗೋಡೆಯ ಮೇಲೂ ಗೇಣುದ್ದ ಹೋಗಿ ನಿಂತಿತು. ಸೀಮೆಸುಣ್ಣ ಬಿತ್ತು. ಮೇಷ್ಟ್ರು ಕುರ್ಚಿಗೆ ಕುಸಿದರು. "ಸುಮ್ನಿರ್ರೋ, ಸಾರ್ ಮಲಗವ್ರೆ" ಎಂದಳು ಮುಂದಿನ ಬೆಂಚಿನ ಹುಡುಗಿ. ಅಂದು ಆ ತರಗತಿಯಲ್ಲಿ ಇದ್ದಷ್ಟು ಶಿಸ್ತು ಹಿಂದೆಂದೂ ಇರಲಿಲ್ಲ. ಆದರೆ ತಪಾಸಣೆಗೆ ಬಂದ ಸಾಹೇಬರಿಗೆ ಶಿಸ್ತು ಕಾಣಲಿಲ್ಲ, ಗೊರಕೆ ಕೇಳಿಸಿತು. ಕರ್ತವ್ಯದ ವೇಳೆಯಲ್ಲಿ ನಿದ್ರಾವಸ್ಥೆಯಲ್ಲಿ ಕಂಡುಬಂದಿದ್ದು, ಏಕೆ ಶಿಸ್ತುಕ್ರಮ ಜರುಗಿಸಬಾರದೆಂದು ಲಿಖಿತ ಸಮಜಾಯಿಷಿ ಕೇಳಿ ನೋಟಿಸು ಹೊರಟಿತು. ಮೇಷ್ಟ್ರು ಔಷಧ ಚೀಟಿ ಲಗತ್ತಿಸಿದರು. ಕಡತದ ಅಂಚಿನಲ್ಲಿ ಷರಾ ಬಿತ್ತು: "ಲಗತ್ತು ಓದಲಾಗುತ್ತಿಲ್ಲ."

ಶಾಲೆ ಮುಗಿಸಿ ಮನೆಗೆ ಹೋಗಬೇಕಲ್ಲ, ಅದೇ ಸ್ಕೂಟರಿನಲ್ಲಿ, ಅದೇ ಹಂಪು ದಾಟಿ. ಸರ್ಕಲ್ಲಿನಲ್ಲಿ ಪೊಲೀಸರು ಅಡ್ಡ ಹಾಕಿದರು. ಕಣ್ಣು ಕೆಂಪಗಿದೆ, ಮಾತು ತೊದಲುತ್ತಿದೆ, ಕಾಲು ನೆಲಕ್ಕೆ ನಿಲ್ಲುತ್ತಿಲ್ಲ. "ಊದ್ರಿ." ಊದಿದರು. ಸೊನ್ನೆ. ಪೇದೆ ಖುಷಿಯಾಗಿ, "ಒಳ್ಳೇ ಮನುಷ್ಯರು, ಹೋಗಿ ಸಾರ್" ಎಂದು ಬೀಳ್ಕೊಟ್ಟ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮು ಎರಡನ್ನೂ ಹೇಳುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದ ಮದ್ಯ ಇದ್ದರೂ ಅಪರಾಧ, ಗಾಡಿ ಹತೋಟಿಯಲ್ಲಿಡಲಾರದಷ್ಟು ಔಷಧದ ಅಮಲಿದ್ದರೂ ಅಪರಾಧ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಕಾಯ್ದೆಗೆ ಎರಡು ಕಣ್ಣು, ಊದುವ ಯಂತ್ರಕ್ಕೆ ಒಂದೇ ಮೂಗು. ಅದಕ್ಕೆ ಸಾರಾಯಿ ಬಿಟ್ಟರೆ ಬೇರೆ ವಾಸನೆ ಹತ್ತುವುದಿಲ್ಲ. ಹೀಗಾಗಿ ಒಂದು ಪೆಗ್ಗು ಹಾಕಿ ನೆಟ್ಟಗೆ ನಿಂತವನು ಕೋರ್ಟಿಗೆ, ನಾಲ್ಕು ಮಾತ್ರೆ ನುಂಗಿ ನಿಲ್ಲಲಾರದವನು ಮನೆಗೆ. ಮನೆಗೇ ಮುಟ್ಟಿದರೆ ಅದೃಷ್ಟ.

ಇಷ್ಟೆಲ್ಲದರಲ್ಲಿ ತಮಾಷೆಯೆಂದರೆ, ಇದು ಬಗೆಹರಿಯದ ಸಮಸ್ಯೆಯೇನಲ್ಲ. ಈ ಔಷಧಗಳ ಜೋಂಪು ಸಾಮಾನ್ಯವಾಗಿ ಹೆಚ್ಚಿರುವುದು ಶುರುವಿನ ದಿನಗಳಲ್ಲಿ ಮತ್ತು ಪ್ರಮಾಣ ಏರಿಸಿದಾಗ. ಹಲವರಿಗೆ ದಿನ ಕಳೆದಂತೆ ಒಗ್ಗುತ್ತದೆ. ಒಗ್ಗದಿದ್ದರೆ ಡಾಕ್ಟರು ಪ್ರಮಾಣ ಇಳಿಸಬಹುದು, ಹೆಚ್ಚಿನ ಪಾಲನ್ನು ರಾತ್ರಿಗೆ ಸರಿಸಬಹುದು, ಒಂದನ್ನು ತೆಗೆಯಬಹುದು. ಅದಕ್ಕೆ ಮೊದಲು ಯಾರಾದರೂ ಒಂದು ವಾಕ್ಯ ಹೇಳಬೇಕು. ಡಾಕ್ಟರು ಅಂಗಡಿಯವನು ಹೇಳುತ್ತಾನೆಂದು ಬಿಟ್ಟರು, ಅಂಗಡಿಯವನು ಡಾಕ್ಟರು ಹೇಳಿರುತ್ತಾರೆಂದು ಬಿಟ್ಟ, ಕಂಪನಿ ಇರುವೆ ಅಕ್ಷರದಲ್ಲಿ ಹೇಳಿ ಕೈ ತೊಳೆದುಕೊಂಡಿತು. ಹೊಣೆಯೆಲ್ಲ ಕೊನೆಗೆ ಬಂದು ಬಿದ್ದದ್ದು ಎಚ್ಚರವಿಲ್ಲದ ಒಬ್ಬನೇ ಒಬ್ಬನ ಮೇಲೆ.

ಆದ್ದರಿಂದ ಓದುಗರೇ, ಸರ್ಕಾರ ಕನ್ನಡದಲ್ಲಿ ಎಚ್ಚರಿಕೆ ಅಚ್ಚು ಹಾಕಿಸುವವರೆಗೆ ಕಾಯಬೇಡಿ. ದುಡ್ಡು ಕೊಡುವ ಮುಂಚೆ ಕೇಳಿ: "ಇದರಲ್ಲಿ ನಿದ್ದೆ ಬರಿಸುವುದು ಯಾವುದು?" ಕವರಿನ ಮೇಲೆ ಆ ಎರಡು ಗೆರೆಗಳ ಪಕ್ಕ ಅದನ್ನು ಕನ್ನಡದಲ್ಲೇ ಬರೆಸಿಕೊಳ್ಳಿ. ಹೆದರಿ ಮಾತ್ರೆಯನ್ನು ಥಟ್ಟನೆ ನಿಲ್ಲಿಸಬೇಡಿ, ಅದರಿಂದ ಬೇರೆ ತೊಂದರೆಗಳಾಗುತ್ತವೆ. ಡಾಕ್ಟರನ್ನೇ ಕೇಳಿ ಇಳಿಸಿ. ನಿಮ್ಮ ಮಾತ್ರೆಯನ್ನು ಸೋದರಮಾವನಿಗೆ ಕೊಡಬೇಡಿ. ಮಂಪರು ಇಳಿಯುವವರೆಗೆ ಗಾಡಿಯ ಕೀಲಿಕೈ ನಿಮ್ಮ ಹತ್ತಿರ ಇಟ್ಟುಕೊಳ್ಳಲೇಬೇಡಿ, ಮನೆಯವರ ಕೈಗೆ ಕೊಡಿ.